ನಿನ್ನ ಕಣ್ಣು ಬಂದ ದಾರಿ

ನಂಗಲಿ, ಮುಳಬಾಗಿಲು ತಾಲ್ಲೂಕು
೨೦ ಫೆಬ್ರವರಿ ೨೦೨೫, ಗುರುವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಸುನಂದಳ ನಮಸ್ಕಾರ. ಹೇಗಿದ್ದೀಯ? ಚಿಕ್ಕಂದಿನಲ್ಲಿ ಚಳಿ ಬಂದರೆ ಸಾಕು ನಿನಗೆ ಉಬ್ಬಸ ಹತ್ತುತ್ತಿತ್ತು, ಈಗಲೂ ಇದೆಯೇ? ಅತ್ತಿಗೆ, ಮಕ್ಕಳು ಇದ್ದಾರೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ಇದ್ದರೆ ಎಲ್ಲರೂ ಚೆನ್ನಾಗಿರಲಿ. ನಿನ್ನ ವಿಳಾಸ ಸಿಕ್ಕಿದ್ದು ಲಾರಿ ಓಡಿಸುವ ಕೋದಂಡರಾಮಪ್ಪನಿಂದ, ನಿನ್ನ ಜೊತೆ ಸ್ಕೂಲಿಗೆ ಬರುತ್ತಿದ್ದನಲ್ಲ, ಅವನೇ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಅಂಗಡಿಗೆ ಟಾರ್ಪಾಲು ಕೊಳ್ಳಲು ಬಂದಿದ್ದ. ಹೊಸಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದೀಯಂತೆ. "ತಲೆ ಪೂರ್ತಿ ಬೆಳ್ಳಗಾಗಿದೆ ಕಣಮ್ಮ, ಆದ್ರೆ ಆ ಕಣ್ಣು ನೋಡಿದ್ ತಕ್ಷಣ ಅಮರನೇ ಅಂದ್ಕೊಂಡೆ" ಅಂದ. ಅವನು ಮಾತಾಡಿಸಿದರೆ ನೀನು ಆ ಊರೇ ಗೊತ್ತಿಲ್ಲ ಎಂದೆಯಂತೆ. ನನಗೆ ಬೇಸರವಾಗಲಿಲ್ಲ. ಮೂವತ್ತೊಂಬತ್ತು ವರ್ಷ ಕಾದವಳಿಗೆ ನೀನು ಬದುಕಿದ್ದೀಯ ಎನ್ನುವುದೇ ದೊಡ್ಡ ಸುದ್ದಿ.

ಅಮ್ಮ ನನ್ನ ಜೊತೆಯಲ್ಲಿದ್ದಾಳೆ. ಎಂಬತ್ತೆರಡು. ಕಿವಿ ಚುರುಕಾಗಿದೆ, ಮಂಡಿ ಸೋತಿದೆ. ಅಪ್ಪ ಹೋಗಿ ಹದಿನಾರು ವರ್ಷವಾಯಿತು. ನನ್ನ ಯಜಮಾನರು ಮುನಿರಾಮಪ್ಪನವರು ಹೈವೇ ಪಕ್ಕದಲ್ಲಿ ಹಗ್ಗ, ಟಾರ್ಪಾಲು ಮಾರುತ್ತಾರೆ. ಒಬ್ಬಳೇ ಮಗಳು ಚಂದನ, ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾಳೆ. ವೈಶಾಖದಲ್ಲಿ ಅವಳ ಮದುವೆ. ಹುಡುಗ ಶಿವಕುಮಾರ್, ಶ್ರೀನಿವಾಸಪುರದ ಮಾವಿನ ಮಂಡಿಯವರ ಮನೆ. ಕುಲಗೋತ್ರವನ್ನು ಮೂರು ತಲೆಮಾರು ಕೆದಕಿ ಕೇಳಿದ ಜನ.

ಈಗ ಕಾಗದ ಬರೆದ ಕಾರಣಕ್ಕೆ ಬರುತ್ತೇನೆ. ಹರಿದು ಹಾಕಬೇಡ, ಪೂರ್ತಿ ಓದು.

ಹೋದ ತಿಂಗಳು ಒಂದು ಮಧ್ಯಾಹ್ನ ಮನೆ ಮುಂದೆ ಕಾರು ನಿಂತಿತು. ಇವರು ಅಂಗಡಿಯಲ್ಲಿದ್ದರು, ಅಮ್ಮ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಇಳಿದದ್ದು ಐವತ್ತು ದಾಟಿದ ಒಬ್ಬ ಬಿಳಿ ಹೆಂಗಸು, ಜೊತೆಯಲ್ಲಿ ಚಿನ್ನದ ಗಣಿಯ ಕಡೆಯ ಡ್ರೈವರ್ ವೆಂಕಟ್. "ಶಾಮಲಮ್ಮನ ಮಗಳು ಭಾರತಮ್ಮ ಅನ್ನೋರ ಮನೆ ಇದೇನಾ ಅಮ್ಮ?" ಎಂದು ಕೇಳಿದ. ಹೆಂಗಸಿನ ಹೆಸರು ಫಿಯೋನಾ. ಇಂಗ್ಲೆಂಡಿನವರಾ ಎಂದರೆ, ಅಲ್ಲ ಸ್ಕಾಟ್ಲೆಂಡ್ ಎಂದು ಎರಡು ಸಲ ತಿದ್ದಿದಳು. ಬ್ಯಾಗಿನಿಂದ ಒಂದು ಹಳೆಯ ಫೋಟೋ ತೆಗೆದು ಕೊಟ್ಟಳು. ಬಂಗಲೆಯ ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರು ಕೂತಿದ್ದಾರೆ, ಒಬ್ಬಳು ಬಿಳಿ, ಒಬ್ಬಳು ಕಪ್ಪು. ಹಿಂದೆ ಸೆರಗು ಹೊದ್ದು ನಿಂತಿರುವುದು ನಮ್ಮ ಶಾಮಲಮ್ಮಜ್ಜಿ, ಇಪ್ಪತ್ತೈದರ ಪ್ರಾಯದಲ್ಲಿ. ಅಜ್ಜಿ ಗಣಿಯ ಬಂಗಲೆಯಲ್ಲಿ ಆಯಾ ಆಗಿದ್ದಳು ಎನ್ನುವುದು ನಮಗೂ ಗೊತ್ತಿತ್ತಲ್ಲ. ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ದೊರೆ ನಿಂತಿದ್ದ. ಫೋಟೋವನ್ನು ಬೆಳಕಿಗೆ ಹಿಡಿದು ಅವನ ಮುಖವನ್ನು ಮತ್ತೆ ನೋಡಿದೆ. ಅಣ್ಣಾ, ಅದು ನಿನ್ನ ಮುಖ. ಅದೇ ಹಣೆ, ಅದೇ ದವಡೆ, ಅದೇ ಬೆಕ್ಕಿನ ಕಣ್ಣು.

ವೆಂಕಟ್ ಹಿಂದುಗಡೆ ಬರೆದಿದ್ದ ಇಂಗ್ಲಿಷ್ ಓದಿ ಅರ್ಥ ಹೇಳಿದ. "ನನ್ನ ಇಬ್ಬರು ಹೆಣ್ಣುಮಕ್ಕಳು" ಅಂತ.

ನಾನು ಏನು ಮಾಡಿದೆ ಗೊತ್ತೇ? ಶ್ರೀನಿವಾಸಪುರದವರ ಮುಖ ಕಣ್ಣ ಮುಂದೆ ಬಂತು. "ಇಲ್ಲಪ್ಪ, ನೀವು ಬೇರೆ ಯಾರನ್ನೋ ಹುಡುಕ್ತಿದೀರಿ, ಆ ಹೆಸರಿನವರು ಇಲ್ಲಿಲ್ಲ" ಎಂದುಬಿಟ್ಟೆ. ಹೆತ್ತ ತಾಯಿಯನ್ನು ಒಳಗಿಟ್ಟುಕೊಂಡು ಇಲ್ಲ ಎಂದೆ. ಆ ಹೆಂಗಸು ಸಿಟ್ಟಾಗಲಿಲ್ಲ. ಫೋನ್ ತೆಗೆದು, ಇದೊಂದು ಕೇಳಿಬಿಡಿ, ಆಮೇಲೆ ಹೋಗುತ್ತೇನೆ ಎಂದು ವೆಂಕಟ್ ಕೈಯಲ್ಲಿ ಹೇಳಿಸಿದಳು. ಮೊದಲೇ ತೆಗೆದಿದ್ದ ವಿಡಿಯೋದಲ್ಲಿ ಒಬ್ಬ ಮುದುಕಿ, ಕಿಟಕಿಯ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಅವಳೇ ಫಿಯೋನಾಳ ತಾಯಿ ಎಲ್ಸಿ, ಫೋಟೋದಲ್ಲಿದ್ದ ಬಿಳಿ ಹುಡುಗಿ. ಏನೇನೋ ಇಂಗ್ಲಿಷಿನಲ್ಲಿ ಹೇಳಿ ತಟ್ಟನೆ ಇಲ್ಲಿ ಬಾರೇ ಎನ್ನುವ ಹಾಗೆ ಕೈ ಬೀಸಿ, "ಭಾರತೀ, ಇಕ್ಕಡ ರಾವೇ! ಅಗೀಬಾರ್ದು, ನುಂಗು, ನುಂಗು" ಎಂದು ನಕ್ಕಳು. ಅಷ್ಟು ದೂರದ ಚಳಿ ದೇಶದಲ್ಲಿ ಕೂತ ಮುದುಕಿಯ ಬಾಯಲ್ಲಿ ನಮ್ಮ ತೆಲುಗು, ನಮ್ಮ ಕನ್ನಡ!

ಹಿಂದೆ ಸದ್ದಾಯಿತು. ಅಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. "ಎಲ್ಸಿ ಅಲ್ವೇನೇ ಅದು?" ಎಂದಳು.

ಆಮೇಲೆ ಅಮ್ಮ ಹೇಳಿದ್ದು ನಾನು ಹುಟ್ಟಿದಾಗಿನಿಂದ ಕೇಳಿರದ ಮಾತು. ದೊರೆಯ ಹೆಸರು ಡಂಕನ್. ಗಣಿಯೊಳಗೆ ಆಳುಗಳನ್ನು ಇಳಿಸುವ ಯಂತ್ರದ ಮೇಲ್ವಿಚಾರಕ. ಎಲ್ಸಿಯನ್ನು ಹೆತ್ತು ಹೆಂಡತಿ ತೀರಿಕೊಂಡಿದ್ದಳು, ಆ ಕೂಸನ್ನು ಸಾಕಿದ್ದು ನಮ್ಮಜ್ಜಿ. ಮೂರು ವರ್ಷಕ್ಕೆ ಅಮ್ಮ ಹುಟ್ಟಿದಳು. ಊರಿನವರಿಗೆ ಅವಳು ಅಜ್ಜಿಯ ಗಂಡ ಚನ್ನರಾಯಪ್ಪ ತಾತನ ಮಗಳು. ಬಣ್ಣ, ಕಣ್ಣು ಎಲ್ಲ ಅಜ್ಜಿಯದೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಜ್ಜಿಗೆ ಇಷ್ಟವಿತ್ತೇ ಎಂದು ಕೇಳಿದೆ. "ಆಯಾ ಕೆಲಸದೋಳ್ನ ಯಾರು ಕೇಳ್ತಾರೆ ಬಿಡೇ" ಎಂದಳು. ಅಡುಗೆಮನೆಯ ಹಿಂದೆ ಅಮ್ಮ ತನ್ನ ಪಾಲಿನ ಮುದ್ದೆಯನ್ನು ಮುರಿದು ಎಲ್ಸಿಗೆ ಕೊಡುತ್ತಿದ್ದಳಂತೆ. ಅವಳು ಬಿಸ್ಕತ್ತಿನ ಹಾಗೆ ಅಗಿದು ಅಗಿದು ಹಲ್ಲಿಗೆ ಮೆತ್ತಿಸಿಕೊಂಡು ಒದ್ದಾಡುತ್ತಿದ್ದಳಂತೆ. ೧೯೫೧ರಲ್ಲಿ ಅಪ್ಪ ಮಗಳು ಹಡಗು ಹತ್ತಿದರು. ಸ್ಟೇಷನ್ನಿನಲ್ಲಿ ಎಲ್ಸಿ ತನ್ನ ಬೂಟು ಬಿಚ್ಚಿ ಕಿಟಕಿಯಿಂದ ಅಮ್ಮನ ಕಡೆ ಎಸೆದಳಂತೆ, ಒಂದು ಮಾತ್ರ. ಇನ್ನೊಂದು ಬಿಚ್ಚುವಷ್ಟರಲ್ಲಿ ರೈಲು ಹೊರಟಿತ್ತು. ಫಿಯೋನಾ ಹೇಳಿದಳು, ದೊರೆ ಸಾಯುವ ಮುಂಚೆ ಎಲ್ಸಿಗೆ ನಿಜ ಹೇಳಿ ಫೋಟೋ ಕೊಟ್ಟನಂತೆ. ಅವಳಿಗೆ ಈಗ ಎಂಬತ್ತೈದು, ಮನೆ ಬಿಟ್ಟು ಹೊರಡಲಾರಳು, ತಂಗಿಯನ್ನು ಹುಡುಕು ಎಂದು ಮಗಳನ್ನು ಕಳಿಸಿದ್ದಾಳೆ.

ಅಮ್ಮ ಮಗುವಿನ ಹಾಗೆ ನಕ್ಕು, ಅತ್ತು, ಫೋನಿಗೆ ಮುತ್ತು ಕೊಡುತ್ತಿರುವಾಗ ಇವರು ಬಂದರು. ಎಲ್ಲ ಕೇಳಿಸಿಕೊಂಡು, ಫಿಯೋನಾಗೆ ಕಾಫಿ ಕೊಡಿಸಿ, ಕೈಮುಗಿದು, ಇನ್ನು ಬರಬೇಡಿ ಎಂದು ಕಾರು ಹತ್ತಿಸಿದರು. ಇವರು ಕೆಟ್ಟವರಲ್ಲ ಅಣ್ಣಾ. "ಮದುವೆ ಆಗೋವರ್ಗೂ ಅಷ್ಟೇ ಕಣೇ. ಅಮ್ಮ ಒಳಗೇ ಇರ್ಲಿ, ಯಾರ ಹತ್ರಾನೂ ಮಾತಾಡೋದು ಬೇಡ" ಎಂದರು. ಅಂದಿನಿಂದ ಅಂಗಡಿಗೆ ಹೋಗುವಾಗ ಗೇಟಿಗೆ ಬೀಗ. ನನ್ನ ಫೋನೂ ಅವರ ಹತ್ತಿರವೇ. ಪಕ್ಕದ ಮನೆ ಅನಸೂಯಮ್ಮ ಕೇಳಿದರೆ ನಾಯಿ ನುಗ್ಗುತ್ತವೆ ಅದಕ್ಕೆ ಎನ್ನುತ್ತೇನೆ. ಹೈವೇಯ ಲಾರಿಗಳ ಸದ್ದು ದಿನವಿಡೀ ಕೇಳುತ್ತದೆ, ಎಲ್ಲವೂ ಎಲ್ಲಿಗೋ ಹೋಗುತ್ತಿರುತ್ತವೆ, ನಾವಿಬ್ಬರೂ ಅಂಗಳದ ಈ ತುದಿಯಿಂದ ಆ ತುದಿಗೆ. ನನಗೆ ಒಂದು ತಿಂಗಳಿಗೇ ಉಸಿರು ಕಟ್ಟುತ್ತಿದೆ. ಅಮ್ಮನಿಗೆ ಇದು ಹೊಸದೇ ಅಲ್ಲ ಎನ್ನುವುದು ನನಗೆ ನಿಧಾನಕ್ಕೆ ತಿಳಿಯಿತು.

ನೀನು ಹುಟ್ಟಿದಾಗ ಕೆಂಚು ಕೂದಲು, ಹಸಿರು ಕಣ್ಣು. ಮನೆಯಲ್ಲಿ ಯಾರಿಗೂ ಇಲ್ಲದ ಬಣ್ಣ. ಅಪ್ಪ ತೊಟ್ಟಿಲಲ್ಲಿ ನೋಡಿದವನೇ ಎದ್ದು ಹೋದನಂತೆ, ಮೂರು ದಿನ ಮನೆಗೆ ಬರಲಿಲ್ಲವಂತೆ. ಆಮೇಲಿನದು ನಿನಗೆ ನಾನು ಹೇಳಬೇಕೇ? ಕುಡಿದಾಗಲೆಲ್ಲ "ಯಾವನಿಗೆ ಹುಟ್ಟಿದೆಯೋ" ಎಂದು ಬಾರುಕೋಲು ಎತ್ತುತ್ತಿದ್ದದ್ದು, ಸ್ಕೂಲಿನಲ್ಲಿ ಹುಡುಗರು "ಏನ್ಲಾ ದೊರೆ" ಎಂದು ಕಾಡುತ್ತಿದ್ದದ್ದು, ಅಮ್ಮ ನಿನ್ನ ತಲೆಗೆ ಹರಳೆಣ್ಣೆಯಲ್ಲಿ ಕಾಡಿಗೆ ಕಲಸಿ ಹಚ್ಚುತ್ತಿದ್ದದ್ದು. ನೀನು ಹೊರಟ ದಿನ ನಾನು ಜಗಲಿಯಲ್ಲಿದ್ದೆ. ಅಮ್ಮ ರಾಗಿ ಕೇರುತ್ತಿದ್ದಳು. ನೀನು ಎದುರಿಗೆ ನಿಂತು "ನಮ್ಮಪ್ಪ ಯಾರಮ್ಮ? ಒಂದೇ ಒಂದ್ಸಲ ಹೇಳ್ಬಿಡು" ಎಂದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ. ನೀನು ಬೇಲಿ ದಾಟಿ ಹೋದೆ. ಆ ಮೌನವನ್ನು ನೀನು ಒಪ್ಪಿಗೆ ಎಂದುಕೊಂಡೆ. ನಾನೂ ಹಾಗೇ ಅಂದುಕೊಂಡಿದ್ದೆ, ದೇವರು ಕ್ಷಮಿಸಲಿ.

ಅಜ್ಜಿ ಆಣೆ ಹಾಕಿಸಿಕೊಂಡಿದ್ದಳಂತೆ. ತಾನಿರುವವರೆಗೂ ಬಾಯಿ ಬಿಟ್ಟರೆ ಬಾವಿಗೆ ಬೀಳುತ್ತೇನೆ ಎಂದಿದ್ದಳಂತೆ. ತನ್ನ ತಾಯಿಯ ಮಾನ ಉಳಿಸಲು ಅಮ್ಮ ತನ್ನದನ್ನು ಕೊಟ್ಟಳು, ಜೊತೆಗೆ ನಿನ್ನನ್ನೂ. "ಅಜ್ಜಿ ಸತ್ತ ಮೇಲಾದ್ರೂ ಅಪ್ಪಂಗೆ ಹೇಳ್ಬಹುದಿತ್ತಲ್ಲಮ್ಮ" ಎಂದು ಜಗಳವಾಡಿದೆ. "ಆಗ ನಿನ್ನ ಮದುವೆ ಆಗಿತ್ತು, ನಿನ್ನ ಗಂಡನ್ ಮನೆಯೋರಿಗೆ ಹೆದರ್ಕೊಂಡೆ. ಈಗ ಚಂದನಾದು ಬಂತು. ಹೆಣ್ಮಕ್ಳ ಮದುವೆ ಮುಗಿಯೋದೇ ಇಲ್ಲ ಕಣೇ" ಎಂದಳು.

ಆದ್ದರಿಂದ ಕೇಳು. ನೀನು ನಮ್ಮಪ್ಪ ಶ್ರೀನಿವಾಸಪ್ಪನ ಮಗನೇ. ನಿನ್ನ ಬಣ್ಣ ಬಂದದ್ದು ಅಮ್ಮನ ಅಪ್ಪನಿಂದ. ಅವಳು ಯಾವ ತಪ್ಪನ್ನೂ ಮಾಡಿದವಳಲ್ಲ. ಬಾ ಎಂದು ಕರೆಯುವ ಮುಖ ನನಗಿಲ್ಲ. ಎರಡು ಸಾಲು ಬರೆದರೆ ಸಾಕು. ಮನೆಗೆ ಬೇಡ, ಚಂದನಳ ಫ್ಯಾಕ್ಟರಿ ವಿಳಾಸ ಹಿಂದೆ ಬರೆದಿದ್ದೇನೆ, ಅಲ್ಲಿಗೆ ಕಳಿಸು.

ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಅಜ್ಜಿಯ ಆಶೀರ್ವಾದ. ಚಳಿಯಲ್ಲಿ ಕಿವಿಗೆ ಏನಾದರೂ ಕಟ್ಟಿಕೋ.

ನಿನ್ನ ತಂಗಿ,
ಸುನಂದ

ಶುಕ್ರವಾರ ಬೆಳಿಗ್ಗೆ ಸೇರಿಸಿದ್ದು: ಚಂದನ ಬಸ್ಸಿಗೆ ಹೊರಟು ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅವಳು ಈ ಕಾಗದ ಓದಿಬಿಟ್ಟಳು. ರಾತ್ರಿಯೇ ಶಿವಕುಮಾರನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದಾಳೆ. ಅವನು ಯೋಚನೆ ಮಾಡ್ತೀನಿ ಎಂದನಂತೆ, ಅಷ್ಟೇ. ಅಮ್ಮನಿಗೂ ನನಗೂ ಹೊಸಪೇಟೆಗೆ ಟಿಕೆಟ್ ಮಾಡಿದ್ದಾಳೆ, ಮಾರ್ಚ್ ಒಂದು, ಶನಿವಾರ ಬೆಳಿಗ್ಗೆ ಬಂದಿಳಿಯುತ್ತೇವೆ. ಕದ್ದು ಬರುವುದಿಲ್ಲ, ಇವರಿಗೆ ಹೇಳಿಯೇ ಬೀಗ ತೆಗೆಸುತ್ತೇನೆ. ಅಮ್ಮ ಪಕ್ಕದಲ್ಲಿ ನಿಂತು, "ನೀನು ಬರೆದಿದ್ದು ಇರ್ಲಿ, ನನ್ ಬಾಯಿಂದ ಅವ್ನು ಕೇಳ್ಬೇಕು" ಎನ್ನುತ್ತಿದ್ದಾಳೆ. ನಮ್ಮನ್ನು ನೋಡುವ ಮನಸ್ಸಿಲ್ಲ ಎಂದು ಅಂಗಡಿ ಮುಚ್ಚಿ ಹೋಗಿಬಿಡಬೇಡ ಅಣ್ಣಾ. ಎದುರಿಗೆ ನಿಂತು ಬೈ, ಎಷ್ಟು ಬೇಕಾದರೂ ಬೈ. ಈ ಸಲ ಅಮ್ಮ ಉತ್ತರ ಕೊಡುತ್ತಾಳೆ.