ಗೆರೆ ಬಾಗಿದ ಗಂಟೆ

ಸಾಂತ ರೊಸಾಲಿಯ, ಓಹಾಕ
ಮೇ ೧೪, ೨೦೧೫, ಗುರುವಾರ

ನನ್ನ ಬಂಗಾರದ ಹಸೀಂತಾ,

ನಿನ್ನ ಪತ್ರ ನಿನ್ನೆ ಬಸ್ಸಿನವನ ಕೈಯಲ್ಲಿ ತಲುಪಿತು. ಓದಿ ಕೂತೆ, ಎದ್ದೆ, ಅಂಗಳಕ್ಕೆ ಹೋಗಿ ಬಂದು ಮತ್ತೆ ಓದಿದೆ. ಒಲೆಯ ಮೇಲಿದ್ದ ಕಾಳು ಸೀದು ಕರಿಯಾಯಿತು. ಕೋಳಿಗಳೂ ಮೂಸಿ ನೋಡಲಿಲ್ಲ.

ಈ ಭಾನುವಾರ ಊರ ಸಭೆ. ನೀರುಗಂಟಿ ದೋನ್ ಫಿದೆನ್ಸಿಯೊ ಕೈಯಿಂದ ತೊಟ್ಟಿಯ ಬೀಗದ ಕೈ ಕಿತ್ತುಕೊಂಡು, ಅವರನ್ನು ಊರೆದುರು ಕಳ್ಳನೆನ್ನಬೇಕೆಂಬುದು ರುಫೀನಳ ಹಠ. ಅವಳು ಈ ವರ್ಷ ನೀರಿನ ಸಮಿತಿಯ ಅಧ್ಯಕ್ಷೆ. ಕುರ್ಚಿ ಸಿಕ್ಕ ದಿನದಿಂದ ಅವಳ ಕಾಲು ನೆಲಕ್ಕೆ ತಾಗಿಲ್ಲ. ತೊಟ್ಟಿಯ ನೀರಿನ ಮಟ್ಟವನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುವ ಯಂತ್ರವನ್ನು ಕಳೆದ ತಿಂಗಳು ಪಟ್ಟಣದವರು ಕೂರಿಸಿಹೋದರಲ್ಲ, ಅದರ ಗೆರೆ ಬೆಳಿಗ್ಗೆ ಏಳರವರೆಗೂ ಇಳಿಯುತ್ತದೆ. ಊರಿಗೆ ನೀರು ಬಿಡುವುದೋ ನಾಲ್ಕರಿಂದ ಆರರವರೆಗೆ. "ಆರಾದ್ಮೇಲಿನ ನೀರು ಎಲ್ಲಿಗ್ ಹೋಯ್ತು? ಅವನ ಮೆಣಸಿನ ಗಿಡಕ್ಕೇ ತಾನೆ!" ಎಂದು ಜೋಳದ ಗಿರಣಿಯಲ್ಲಿ ಸಾಲು ನಿಂತವರೆದುರಿಗೇ ಅಂದಳು. ನಾನು ಬಿಡುತ್ತೇನೆಯೇ? "ನಿನ್ನ ಬಾಯಿಗೊಂದು ವಾಲ್ವು ಹಾಕಿಸೇ ತಾಯಿ, ಊರಿಗೆ ಅರ್ಧ ತೊಟ್ಟಿ ಉಳಿಯುತ್ತೆ" ಅಂದೆ. ಎಲ್ಲರೂ ನಕ್ಕರು. ಅವಳು ಮಾತ್ರ, "ಗೆರೆ ಸುಳ್ಳು ಹೇಳುತ್ತಾ ಅಜ್ಜೀ?" ಅಂದಳು. ಗೆರೆಯ ನಕಲನ್ನು ನಿನಗೆ ಕಳಿಸಿದ್ದು ಅದಕ್ಕೇ.

ಇದು ಒಂದು ಗೆರೆಯಲ್ಲ, ಮೂರು ತುಂಡು, ಒಂದೊಂದಕ್ಕೂ ಬೇರೆ ಸಮೀಕರಣ, x ಅಂದರೆ ಗಂಟೆ, y ಅಂದರೆ ನೀರಿನ ಮಟ್ಟ ಎಂದು ಬರೆದಿದ್ದೀಯ. ಐದರವರೆಗೆ y = 12, ತೊಟ್ಟಿ ತುಂಬಿ ಹನ್ನೆರಡು ಗೇಣು. ಐದರಿಂದ ಏಳರವರೆಗೆ y = 12 − 4(x − 5), ಗಂಟೆಗೆ ನಾಲ್ಕು ಗೇಣು ಇಳಿತ. ಏಳರ ನಂತರ y = 4 + (x − 7), ಒರತೆ ಗಂಟೆಗೊಂದು ಗೇಣು ತುಂಬುತ್ತದೆ. ಮೊದಲು ಕಣ್ಣು ಕತ್ತಲಿಟ್ಟಿತು, ಸುಳ್ಳೇಕೆ. ಅದರ ಕೆಳಗೆ ನೀನು ಬಿಡಿಸಿ ಹೇಳಿದ್ದು ಮನಸ್ಸಿಗೆ ಇಳಿಯಿತು. ಆರಕ್ಕೆ ಊರಿನ ನಲ್ಲಿಗಳೆಲ್ಲ ನಿಂತು ಒಂದು ಹೊಲದ ಸಣ್ಣ ಕೊಳವೆ ಮಾತ್ರ ಹರಿಯುತ್ತಿದ್ದರೆ, ಆರರ ಹತ್ತಿರ ಗೆರೆ ಬಾಗಿ ಇಳಿತ ಕಡಿಮೆಯಾಗಬೇಕಿತ್ತು. ಅಲ್ಲಿ ಬಾಗೇ ಇಲ್ಲ. ಬಾಗಿರುವುದು ಐದಕ್ಕೆ, ಏಳಕ್ಕೆ. "ನಾಲ್ಕಕ್ಕೆ ಬಿಟ್ಟ ನೀರು ಐದಕ್ಕೆ ಯಾಕಜ್ಜಿ ಇಳಿಯೋಕೆ ಶುರುವಾಯ್ತು?" ಎಂದು ನನ್ನನ್ನೇ ಕೇಳಿದ್ದೀಯ.

ಪಟ್ಟಣ ಸೇರಿ ಎಷ್ಟು ಬೇಗ ಮರೆತೆಯೇ! ಪ್ರತಿ ಏಪ್ರಿಲ್‌ನಲ್ಲಿ ಸರ್ಕಾರ ಬೇಸಿಗೆಗೆಂದು ದೇಶದ ಗಡಿಯಾರವನ್ನೆಲ್ಲ ಒಂದು ಗಂಟೆ ಮುಂದೆ ತಳ್ಳಿದರೂ ನಮ್ಮೂರು ತಳ್ಳುವುದಿಲ್ಲ. ನಮ್ಮದು ದೇವರ ಗಂಟೆ. ಯಂತ್ರ ಕೂರಿಸಿದವರು ತಮ್ಮ ಕೈಗಡಿಯಾರ ನೋಡಿ ಕೂರಿಸಿದ್ದಾರೆ. ಅದರ ಐದು ನಮ್ಮ ನಾಲ್ಕು, ಅದರ ಏಳು ನಮ್ಮ ಆರು. ಸರ್ಕಾರದ ಗೆರೆಯನ್ನು ದೇವರ ಗಂಟೆಯಲ್ಲಿ ಓದಿ, ಊರಿಗೆ ಊರೇ ಒಬ್ಬ ಮನುಷ್ಯನಿಗೆ ಕಳ್ಳನ ಹಣೆಪಟ್ಟಿ ಕಟ್ಟಿತು.

ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ನಾನೊಬ್ಬಳೇ ಹೇಳಿದರೆ ಮುದುಕಿಗೆ ಅರಳುಮರಳು ಅಂದುಬಿಡುತ್ತಾರೆ. ನಿನ್ನ ಸಮೀಕರಣವಿಲ್ಲದೆ ನನ್ನ ಗಡಿಯಾರದ ಮಾತು ನಿಲ್ಲುವುದಿಲ್ಲ. ಶನಿವಾರದ ಬಸ್ಸಿಗೆ ಬಾ. ಗೋಡೆಗೆ ಗೆರೆ ಅಂಟಿಸಿ, ಐದಿದ್ದಲ್ಲಿ ನಾಲ್ಕು, ಏಳಿದ್ದಲ್ಲಿ ಆರು ಹಾಕಿ ಎಲ್ಲರೆದುರು ಬಿಡಿಸು. ದೋನ್ ಫಿದೆನ್ಸಿಯೊ ಅವರನ್ನು ಕೇಳಿದರೆ, "ಬಿಡು ತೊಮಾಸ, ಬೀಗದ ಕೈ ತಗೊಂಡ್ರೆ ತಗೊಳ್ಳಲಿ, ನನ್ನ ಮೊಣಕಾಲಿಗೂ ಪುಣ್ಯ" ಅನ್ನುತ್ತಾರೆ. ಅನ್ನುವಾಗ ನೆಲ ನೋಡುತ್ತಾರೆ. ಮೈಗೆ ಅಂಗಿ ದೊಡ್ಡದಾಗುತ್ತಿದೆ, ಮಗಳೇ. ಪಾಠ, ಪರೀಕ್ಷೆ ಎಂದು ನೆಪ ಹೇಳಬೇಡ.

ಬಸ್ಸಿನ ದಾರಿ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡ
ನಿನ್ನ ಅಜ್ಜಿ
ತೊಮಾಸ

ಮತ್ತೊಂದು ಮಾತು: ದೋನ್ ಫಿದೆನ್ಸಿಯೊ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದರು. ನಿನ್ನ ಅಮ್ಮನಿಗೆ ನೀನೇ ಹೇಳು, ನನಗೆ ಅವಳ ಬಾಯಿ ಕಂಡರೆ ಭಯ. ಹೂಂ ಅಂದದ್ದು ಗೆರೆಯನ್ನು ನಿನಗೆ ಕಳಿಸಿದ ದಿನವೇ. ಅದು ಏನು ಹೇಳುತ್ತದೋ ಆಗ ನನಗೆ ಗೊತ್ತಿರಲಿಲ್ಲ.