ಹಾಳೆಯ ಹಿಂಬದಿಯ ಹೆಸರು

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ

ತಂಗಿಗೆ,

ಕರ್ತರ ನಾಮದಲ್ಲಿ ವಂದನೆ. ವಂದನೆ ಅವರ ಹೆಸರಿನಲ್ಲಿ ಅಷ್ಟೇ, ನನ್ನ ಕಡೆಯಿಂದ ಅಂತ ಏನೂ ಇಲ್ಲ. ನಿನ್ನ ಮೂರೂ ಕಾಗದ ಬಂದಿವೆ. ಐದು ವಾರ ಉತ್ತರ ಬರೀಲಿಲ್ಲ. ತಡವಾಯ್ತು, ಮನ್ನಿಸು ಅಂತ ಶುರುಮಾಡಬೇಕು, ಗೊತ್ತು. ಆದರೆ ನನಗೇನೂ ತಡ ಆಗಿಲ್ಲ. ಮೊದಲನೇ ವಾರವೇ ಬರೆದಿದ್ದಿದ್ರೆ ನೀನು ಅರ್ಧಕ್ಕೇ ಹರಿದು ಹಾಕ್ತಿದ್ದೆ. ಫೋನ್ ಯಾಕೆ ಎತ್ತಲ್ಲ ಅಂತ ಕೇಳಿದ್ದೀಯ. ಫೋನಲ್ಲಿ ನೀನು ಅಳ್ತೀಯ. ನೀನು ಅತ್ತ ಕೂಡಲೇ ನಾನು "ಹೋಗ್ಲಿ ಬಿಡೇ" ಅನ್ನಬೇಕಾಗುತ್ತೆ. ಚಿಕ್ಕಂದಿನಿಂದ ಇದೇ ಆಯ್ತು. ಒಡೆಯೋಳು ನೀನು, ಚೂರು ಗುಡಿಸಿ ನಿನ್ನ ಮೂಗು ಒರೆಸೋಳು ನಾನು. ಕಾಗದದಲ್ಲಾದರೆ ನಿನ್ನ ಅಳು ಕೇಳಿಸಲ್ಲ, ಅದಕ್ಕೇ ಕಾಗದ.

ನಿನ್ನ ಕೆಲಸ ಹೇಗೆ ನಡೆಯುತ್ತೆ ಅಂತ ನನಗೆ ಗೊತ್ತಿಲ್ವಾ? ಶನಿವಾರ ಶಾಲೆ ಆಫೀಸಿನ ಕೆಲಸ ಮುಗಿಸಿ, ಅದೇ ಕಂಪ್ಯೂಟರಲ್ಲಿ ನಮ್ಮ ಚರ್ಚಿನ ಹೋದ ವಾರದ ಪ್ರಾರ್ಥನೆ ಹಾಳೆ ತೆಗೀತೀಯ. ತಾರೀಖು ಬದಲಾಯಿಸ್ತೀಯ, ಎರಡು ಹೆಸರು ಸೇರಿಸ್ತೀಯ, ಎರಡು ಅಳಿಸ್ತೀಯ, ಪ್ರಿಂಟ್ ಒತ್ತಿ ಚೀಲ ಹೆಗಲಿಗೆ ಹಾಕ್ತೀಯ. ಮುಂಬದಿಯಲ್ಲಿ ಪ್ರಕಟಣೆ, ಅದರ ಕೆಳಗೆ ಕಾಯಿಲೆಯವರು, ಎಲ್ಲರಿಗಿಂತ ಕೆಳಗೆ "ಬಹುಕಾಲದಿಂದ ಹಾಸಿಗೆ ಹಿಡಿದವರು" ಅಂತ. ಅದರಡಿ ಈಗ ಇರೋದು ಇವರೊಬ್ಬರ, ನಿನ್ನ ಭಾವನ ಹೆಸರೇ. ಹಿಂಬದಿಯಲ್ಲಿ ಕರ್ತರಲ್ಲಿ ನಿದ್ರೆಹೋದವರು. ಆ ತಲೆಬರಹ ಪುಟದ ನೆತ್ತಿಯ ಮೇಲೆ ಖಾಯಮ್ಮಾಗಿ ಕೂತಿರುತ್ತೆ, ಯಾರು ಸತ್ತರೂ ಸಾಯದಿದ್ದರೂ.

ಅವತ್ತು ಹೆಂಗಸರ ಕೂಟದ ಪಿಕ್ನಿಕ್ ಪ್ರಕಟಣೆಗೆ ಚೆಂದ ಕಾಣಲಿ ಅಂತ ಒಂದು ಹೂವಿನ ಚಿತ್ರ ಅಂಟಿಸಿದೆ ನೀನು. ಹೂವು ಜಾಗ ತಿಂತು. ಇವರ ಹೆಸರು ಜಾರಿ ಹಿಂಬದಿಗೆ ಹೋಗಿ, ಸತ್ತವರ ತಲೆಬರಹದ ಕೆಳಗೆ ಮೊದಲನೇ ಹೆಸರಾಗಿ ಕೂತ್ಕೊಳ್ತು. ನೀನೊಂದು ಹೂವು ಹಾಕಿದೆ, ನನ್ನ ಗಂಡ ಸತ್ತುಹೋದ. ಕಾಗದ ತಿರುಗಿಸಿ ಒಂದು ಸಲ ಕಣ್ಣಾಡಿಸೋಕೆ ನಿನಗೇನು ಧಾಡಿಯಾಗಿತ್ತು? ಭಾನುವಾರ ನೀನು ಸಭೆಗೇ ಬರಲಿಲ್ಲ, ಅತ್ತೆ ಮನೆಗೆ ಹೋಗಿದ್ದೆ. ಅನುಭವಿಸಿದ್ದು ನಾನು.

ಹಾಳೆ ಓದೋದು ಬೇಕರಿಯಜ್ಜ. ಆ ಮನುಷ್ಯನ ಕೈಗೆ ಏನು ಕೊಟ್ಟರೂ ಒಂದೇ ರಾಗದಲ್ಲಿ ಓದ್ತಾರೆ. ಇವರ ಹೆಸರು ಓದಿದರು, "ಲಿಫ್ಟ್ ರಿಪೇರಿ ಕೆಲಸದಲ್ಲಿದ್ದವರು, ನಮ್ಮ ಸಹೋದರಿಯ ಯಜಮಾನರು" ಅಂತ ತಮ್ಮ ಕಡೆಯಿಂದ ಎರಡು ಮಾತು ಸೇರಿಸಿದರು ಬೇರೆ. ನಮ್ಮ ಸಭೆಯಲ್ಲಿ ತೀರಿಕೊಂಡವರ ಹೆಸರು ಓದಿದ ಕೂಡಲೇ ಎಲ್ಲರೂ "ದೇವರಿಗೆ ಸ್ತೋತ್ರ" ಅನ್ನಬೇಕಲ್ಲ, ಅವರು ಇಷ್ಟು ದಿನ ಬಾಳಿದ್ದಕ್ಕೆ. ಅಂದರು. ಸಭೆಗೆ ಸಭೆಯೇ ಅಂತು. ಒಬ್ಬರಾದರೂ ಕತ್ತು ತಿರುಗಿಸಿ ನನ್ನ ಕಡೆ ನೋಡಿದರಾ? ಇಲ್ಲ. "ಅಯ್ಯೋ, ಬುಧವಾರ ತಾನೇ ಮಾತಾಡಿಸಿಕೊಂಡು ಬಂದ್ವಲ್ಲ" ಅಂತ ಒಬ್ಬರಿಗೂ ಅನ್ನಿಸಲಿಲ್ಲ, ಯಾಕಂದ್ರೆ ಬುಧವಾರ ಯಾರೂ ಬಂದಿರಲಿಲ್ಲ. ಎರಡು ವರ್ಷದಿಂದ ಯಾರೂ ಬಂದಿಲ್ಲ. ಇವರು ಇದ್ದಾರೋ ಹೋದರೋ ಅನ್ನೋದು ಅವರಿಗೆ ಹಾಳೆ ನೋಡಿಯೇ ಗೊತ್ತಾಗಬೇಕು. ನನಗೆ ಎದ್ದು ನಿಂತು ಹೇಳೋಕೆ ನಾಲಿಗೆಯೇ ಬರಲಿಲ್ಲ.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಸಾಲು ನಿಂತರು. ಸಮಾಧಾನ ತಗೊಳ್ಳಿ, ಧೈರ್ಯವಾಗಿರಿ, ಯಾವಾಗ ಆಯ್ತು, ನಮಗೊಂದು ಮಾತು ತಿಳಿಸಬಾರದಿತ್ತಾ. ಹೀಗೆ ನಾಲ್ಕು ಜನ. ಐದನೆಯವಳು ಆ ಪಿಯಾನೋ ಟೀಚರು. ನನ್ನ ಕೈ ಎರಡೂ ಹಿಡಿದುಕೊಂಡು, "ಒಳ್ಳೇದೇ ಆಯ್ತು ಅಂದ್ಕೊಳ್ಳಿ. ಅವರಿಗೂ ಬಿಡುಗಡೆ, ನಿಮಗೂ ಬಿಡುಗಡೆ" ಅಂದಳು. ಕೈ ಕಿತ್ಕೊಂಡೆ. "ನನ್ನ ಗಂಡ ಬದುಕಿದ್ದಾರೆ. ಹನ್ನೊಂದೂವರೆಗೆ ಅವರನ್ನ ಮಗ್ಗುಲು ಬದಲಾಯಿಸಬೇಕು. ದಾರಿ ಬಿಡಿ" ಅಂತ ಕಿರುಚಿದೆ. ಅಲ್ಲಿದ್ದ ಮಕ್ಕಳು ಅಳೋಕೆ ಶುರುಮಾಡಿದವು. ಪಾಸ್ಟರ್ ಓಡಿ ಬಂದು, "ಸಹೋದರಿ, ಶತ್ರುವಾದ ಸೈತಾನ ಇಂಥ ಸಣ್ಣ ವಿಷಯದಲ್ಲೇ ನಮ್ಮನ್ನ ಎಡವಿಸೋದು" ಅಂದರು. ಸಣ್ಣ ವಿಷಯ! ಶತ್ರುವಿಗೆ ಬೇರೆ ಕೆಲಸ ಇಲ್ವಾ, ನಿಮ್ಮ ಪ್ರಿಂಟರಲ್ಲಿ ಕೂತಿರ್ತಾನಾ ಅಂತ ಕೇಳಿ ಹೊರಟುಬಂದೆ. ಅಲ್ಲಿಂದೀಚೆಗೆ ಆ ಕಡೆ ತಲೆ ಹಾಕಿಲ್ಲ.

ಮನೆಗೆ ಬಂದಾಗ ಪಕ್ಕದ ಮನೆ ನರ್ಸಮ್ಮ ಇವರಿಗೆ ಗಂಜಿ ಕುಡಿಸ್ತಿದ್ದರು. ಪುಣ್ಯಾತ್ಗಿತ್ತಿ, ನಮ್ಮ ಸಭೆಯವರಲ್ಲ, ಯಾವ ಸಭೆಯವರೂ ಅಲ್ಲ. ನಾನು ಆಸ್ಪತ್ರೆ ಲಾಂಡ್ರಿ ಕೆಲಸಕ್ಕೆ ಹೋದಾಗಲೂ, ಭಾನುವಾರವೂ ಇವರ ಹತ್ತಿರ ಕೂರೋದು ಅವರೇ. ನಡೆದದ್ದನ್ನ ಇವರಿಗೆ ಹೇಳಿದೆ. ಕತ್ತಿನಿಂದ ಕೆಳಗೆ ಒಂದು ಬೆರಳೂ ಆಡದಿದ್ದರೂ ನಿನ್ನ ಭಾವನ ನಾಲಿಗೆ ನಿನಗೆ ಗೊತ್ತಲ್ಲ. "ಹಾಗಾದ್ರೆ ಇವತ್ತು ಮೈ ಒರೆಸೋದು ಬೇಡ ಬಿಡು. ಸತ್ತವನಿಗೆ ಯಾಕೆ ಸೋಪು?" ಅಂದರು. ನಗ್ತಾ ನಗ್ತಾ ಗಂಜಿ ಗಂಟಲಿಗೆ ಸಿಕ್ಕಿ ಒದ್ದಾಡಿದರು. ನರ್ಸಮ್ಮ ಓರೆ ಮಾಡಿ ಬೆನ್ನು ತಟ್ಟಿದರು. ನಿನ್ನ ಮೇಲೆ ಇವರಿಗೆ ಸಿಟ್ಟಿಲ್ಲ. "ಪಾಪ, ಹುಡುಗಿಗೆ ಕೆಲಸ ಜಾಸ್ತಿ" ಅಂತಾರೆ. ನಲವತ್ತೆರಡರ ಹುಡುಗಿ!

ಈಗ ನಿನ್ನ ಮೂರನೇ ಕಾಗದ. ಅದನ್ನ ಓದಿ ನನಗೆ ಬಂದ ಸಿಟ್ಟು ಹೂವಿನದಕ್ಕಿಂತ ದೊಡ್ಡದು. ತಪ್ಪಾಯ್ತು ಅಂತ ಎರಡು ಪುಟ ಬರೆದು, ಕೊನೆಗೆ ಏನು ಕೇಳಿದ್ದೀಯ ನೋಡು. ಹೆಂಗಸರ ಕೂಟಕ್ಕೆ ಬಂದು ನಾನು ಸಾಕ್ಷಿ ಹೇಳಬೇಕಂತೆ. "ದೀರ್ಘ ಸಂಕಟದಲ್ಲಿ ವಿಶ್ವಾಸದ ಬಲ." ಇಪ್ಪತ್ತು ನಿಮಿಷ, ಆಮೇಲೆ ಟೀ ಬಿಸ್ಕತ್ತು. "ನೀನು ಮಾತಾಡಿದರೆ ಎಲ್ಲರಿಗೂ ಎಷ್ಟು ಆದರಣೆ, ಎಷ್ಟು ಸಮಾಧಾನ ಆಗುತ್ತೆ ಅಕ್ಕ, ಮನಸ್ತಾಪವೂ ಕಳೆಯುತ್ತೆ" ಅಂತ ಬೇರೆ. ಅವರ ಆದರಣೆ ಕಟ್ಟಿಕೊಂಡು ನನಗೇನಾಗಬೇಕಿದೆ? ಅವರಿಗೆ ಬೇಕಿರೋದು ಏನು ಅಂತ ನನಗೆ ಗೊತ್ತು. ನಾನು ಬಿಳಿ ಸೆರಗು ತಲೆ ಮೇಲೆ ಹಾಕ್ಕೊಂಡು, ಮುಗುಳ್ನಗ್ತಾ, ಒಂಬತ್ತು ವರ್ಷದಲ್ಲಿ ನಾನು ಒಂದು ದಿನವೂ ಗೊಣಗಲಿಲ್ಲ ಅನ್ನಬೇಕು. ಅವರು ಕಣ್ಣೊರೆಸಿಕೊಂಡು ಮನೆಗೆ ಹೋಗಿ, ಸದ್ಯ ನಮ್ಮ ಗಂಡಂದಿರು ಓಡಾಡ್ತಿದ್ದಾರಲ್ಲ ಅಂತ ನೆಮ್ಮದಿಯಾಗಿ ಊಟ ಮಾಡಬೇಕು.

ನನ್ನ ಸಾಕ್ಷಿ ಬೇಕಾ? ತಗೋ, ನಿನಗೊಬ್ಬಳಿಗೇ ಹೇಳ್ತೀನಿ. ನಾನು ಗೊಣಗದ ದಿನ ಇಲ್ಲ. ಎರಡು ಗಂಟೆಗೊಮ್ಮೆ ಇವರನ್ನ ಹೊರಳಿಸಬೇಕು, ಮೊಣಕಾಲ ಮಧ್ಯೆ ದಿಂಬು ಇಡಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ನೋಡಿಕೊಳ್ಳಬೇಕು, ಮೂತ್ರದ ಚೀಲ ಬದಲಾಯಿಸಬೇಕು. ಹೊರಳಿಸುವಾಗ ನಾನು ದೇವರನ್ನ ಬೈತೀನಿ. ಇವರು ಎಂಬತ್ತು ಕಿಲೋ ಇದ್ದಾಗಲೂ ಬೈದೆ, ಐವತ್ತಕ್ಕೆ ಇಳಿದಾಗ ಇನ್ನೂ ಜಾಸ್ತಿ ಬೈದೆ. ಮೂರನೇ ಮಹಡಿಯಿಂದ ಬೀಳೋ ಮನುಷ್ಯನನ್ನ ಹಿಡಿಯೋಕಾಗದವನು ಪ್ರಪಂಚ ಹಿಡಿದಿದ್ದೀನಿ ಅಂತ ಯಾಕೆ ಜಂಬ ಕೊಚ್ಕೋತೀಯ ಅಂತ ಕೇಳಿದೀನಿ. ನಾಲ್ಕನೇ ವರ್ಷ, ಇವರ ಬೆನ್ನಿನ ಹುಣ್ಣು ಮೂಳೆ ಕಾಣೋಷ್ಟು ಆಳವಾದಾಗ, ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅರ್ಧ ಗಂಟೆ ಬಾಯಿಗೆ ಬಂದ ಹಾಗೆ ಬೈದೆ. ನೀನು ಕೇಳಿದ್ದಿದ್ರೆ ಅಲ್ಲೇ ಮೂರ್ಛೆ ಹೋಗ್ತಿದ್ದೆ.

ಬೈದು ಮುಗಿಸಿ, ಮುಖ ತೊಳೆದು ಹೊರಗೆ ಬಂದೆ. ಹುಣ್ಣು ತೊಳೆಯೋ ಹೊತ್ತಾಗಿತ್ತು. ತೊಳೆದೆ. ಒಬ್ಬಳೇ ಬಟ್ಟೆ ಕಟ್ಟಿದೆ. ಹಿಂದಿನ ದಿನ ನನ್ನ ಕೈಲಿ ಆಗದೆ ನರ್ಸಮ್ಮನೇ ಬಂದು ಮಾಡಬೇಕಾಯ್ತು. ಆ ಬಲ ನನ್ನದಲ್ಲ ಕಣೆ. ನನ್ನದೇ ಆಗಿದ್ದಿದ್ರೆ ನಾಲ್ಕನೇ ವರ್ಷಕ್ಕೇ ಮುಗಿದಿರ್ತಿತ್ತು. ನಾನು ಇಷ್ಟು ಬೈದರೂ ಎದ್ದು ಹೋಗದೆ ಎದುರಿಗೆ ಕೂತಿರೋನು ಆ ದೇವರೊಬ್ಬನೇ. ನೀವೆಲ್ಲ ನಾನು ಮುಖ ಗಂಟು ಹಾಕಿದ್ದಕ್ಕೇ ಬರೋದು ಬಿಟ್ಟಿರಿ. ಬೆಳಿಗ್ಗೆ ಐದಕ್ಕೆ ಅಡುಗೆಮನೆ ಸ್ಟೂಲ್ ಮೇಲೆ ಕೂತು ಅವನ ಹತ್ತಿರ ಇವತ್ತೊಂದು ದಿನದ ಮಟ್ಟಿಗೆ ಬಲ ಕೊಡು ಅಂತ ಕೇಳ್ತಿದ್ದೆ. ಕೊಡ್ತಿದ್ದ. ನಾಳೆಗೆ ಅಂತ ಒಂದು ಹಿಡಿಯೂ ಜಾಸ್ತಿ ಕೊಟ್ಟವನಲ್ಲ. ಇದಿಷ್ಟೇ ನನ್ನ ವಿಶ್ವಾಸ. ಇದನ್ನ ನಿಮ್ಮ ಬಿಸ್ಕತ್ತಿನ ಜೊತೆ ಹಂಚೋಕೆ ನನಗಿಷ್ಟ ಇಲ್ಲ. ಬರಲ್ಲ ಅಂತ ಹೇಳಿಬಿಡು.

ಆದರೆ ನಾನು ಈ ಕಾಗದ ಬರೀತಿರೋದು ಜಗಳಕ್ಕಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು. ನಿನ್ನನ್ನ ಕೇಳೋಕೆ ನನಗೆ ಮೈಯೆಲ್ಲ ಉರಿಯುತ್ತೆ, ಆದರೂ ಕೇಳ್ತೀನಿ. ನಿನ್ನ ಭಾವನಿಗೆ ಒಂದು ತಿಂಗಳಿಂದ ಕೆಮ್ಮು. ಮೊದಲು ಗಂಜಿ ಸಿಕ್ಕಿದ್ದು ಅಂದ್ಕೊಂಡೆ. ಕಫ ಎದೆಯಲ್ಲಿ ಕೂತಿದೆ, ಮೇಲೆ ತರೋಕೆ ಇವರಿಗೆ ಶಕ್ತಿ ಇಲ್ಲ. ಜ್ವರ ಬರುತ್ತೆ, ಬಿಡುತ್ತೆ, ಮತ್ತೆ ಬರುತ್ತೆ. ಡಾಕ್ಟರ್ ಎದೆಯ ಫೋಟೋ ಹಿಡಿದು ನೋಡಿ, "ಎರಡೂ ಕಡೆ ಹರಡಿದೆ. ಈ ವಾರ ಕಳೆಯಲಿ, ಆಮೇಲೆ ಮಾತಾಡೋಣ" ಅಂದರು. ಮೊನ್ನೆಯಿಂದ ಜೋಕು ಮಾಡೋದೂ ನಿಲ್ಲಿಸಿದ್ದಾರೆ. ನನಗೆ ಎಲ್ಲಕ್ಕಿಂತ ಭಯ ಆಗ್ತಿರೋದು ಅದಕ್ಕೇ.

ಈ ಶನಿವಾರ ಹಾಳೆ ಹೊಸದಾಗಿ ಮಾಡು. ಹೋದ ವಾರದ್ದನ್ನ ತೆಗೆದು ತಿದ್ದಬೇಡ. ಇವರ ಹೆಸರನ್ನ ಮುಂಬದಿಯಲ್ಲಿ, ಕಾಯಿಲೆಯವರ ಮೊದಲನೇ ಸಾಲಿಗೆ ಹಾಕು. "ಬಹುಕಾಲದಿಂದ" ಅನ್ನೋದು ಬೇಡ, ಆ ಮಾತು ಕೇಳಿದ ಕೂಡಲೇ ಜನ ಕಿವಿ ಮುಚ್ಚಿಕೊಳ್ತಾರೆ. "ಬದುಕಿದ್ದಾರೆ, ಬಹಳ ಕಷ್ಟದಲ್ಲಿದ್ದಾರೆ" ಅಂತ ದಪ್ಪ ಅಕ್ಷರದಲ್ಲಿ ಹಾಕು. ಬೇಕರಿಯಜ್ಜನಿಗೆ ಮೊದಲೇ ಹೇಳಿ ಎರಡು ಸಲ ಓದಿಸು. ನೀನು ಪಕ್ಕದಲ್ಲೇ ನಿಂತಿರು. ಪ್ರಾರ್ಥನೆ ಮಾಡಿಸು. ಆ ಪಿಯಾನೋ ಟೀಚರ್ ಕೈಲೂ ಮಾಡಿಸು.

ಬಂದು ನೋಡೋದಾದ್ರೆ ಬಾ. ಬಾಗಿಲಲ್ಲಿ ನಿಂತು ಅಳೋದಾದ್ರೆ ಬರಬೇಡ. ನಿನ್ನ ಮಕ್ಕಳನ್ನ, ನಿನ್ನ ಯಜಮಾನರನ್ನ, ನಿನ್ನ ಸೊಂಟನೋವನ್ನ ದೇವರು ನೋಡಿಕೊಳ್ಳಲಿ. ಸಿಟ್ಟಲ್ಲಿ ಬರೀತಿದ್ದರೂ ಇದನ್ನ ಮಾತ್ರ ಮನಸಾರೆ ಬರೀತಿದೀನಿ.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಮತ್ತೆ ಒಡೆದೆ. ಇಲ್ಲಿಂದ ಮುಂದಿನದನ್ನ ಓದಿ ಸುಟ್ಟುಬಿಡು. ಪಾಸ್ಟರಿಗೆ ಹೇಳಬೇಡ. ನಿನ್ನ ಭಾವನಿಗಂತೂ ಸತ್ತರೂ ಹೇಳಬೇಡ.

ಅವತ್ತು ಯಾಕೆ ಅಲ್ಲೇ ಎದ್ದು ಹೇಳಲಿಲ್ಲ ಅಂತ ಮೂರೂ ಕಾಗದದಲ್ಲಿ ಕೇಳಿದ್ದೀಯ. ನಾಲಿಗೆ ಬರಲಿಲ್ಲ ಅಂತ ಮೇಲೆ ಬರೆದಿದ್ದೀನಿ. ಸುಳ್ಳು. ನಾಲಿಗೆ ಬಂತು. ಸಭೆ ಸ್ತೋತ್ರ ಅಂದಾಗ ನಾನೂ ಅಂದೆ. ಗಾಬರಿಯಲ್ಲಿ ಅಂದಿದ್ದಲ್ಲ. ಇವರ ಹೆಸರು ಕೇಳಿದ ಕೂಡಲೇ ಮೈ ಹಗುರಾಯ್ತು, ಅಂದುಬಿಟ್ಟೆ. ಮುಂದಿನ ಹಾಡು ಮುಗಿಯೋವರೆಗೂ ನಾನು ವಿಧವೆಯಾಗಿ ಕೂತಿದ್ದೆ ಕಣೆ. ಮಂಚ ಇಲ್ಲದ ರೂಮು ಕಣ್ಣಿಗೆ ಬಂತು. ಬಿಸಿಲೇರಿದ ಮೇಲೂ ಏಳದೆ ಮಲಗಿರೋ ನಾನು ಕಣ್ಣಿಗೆ ಬಂದೆ. ನಾಲ್ಕು ಜನ ಸಮಾಧಾನ ಹೇಳಿದರಲ್ಲ, ನಾಲ್ವರಿಗೂ ತಲೆ ಆಡಿಸಿದೆ. ಪಿಯಾನೋ ಟೀಚರ್ ಮೇಲೆ ಕಿರುಚಿದ್ದು ಅವಳು ಸುಳ್ಳು ಹೇಳಿದಳು ಅಂತಲ್ಲ. ನಾನು ಒಳಗೆ ಅಂದ್ಕೊಳ್ತಿದ್ದುದನ್ನೇ ಅವಳು ಎಲ್ಲರಿಗೂ ಕೇಳೋ ಹಾಗೆ ಅಂದಳು.

ಅದಾಗಿ ನಾಲ್ಕನೇ ದಿನಕ್ಕೆ ಕೆಮ್ಮು ಶುರುವಾಯ್ತು. ಈಗ ಐದು ಗಂಟೆಗೆ ಸ್ಟೂಲ್ ಮೇಲೆ ಕೂತರೆ ಬೈಯೋಕೂ ಬಾಯಿ ಬರಲ್ಲ, ಕೇಳೋಕೂ ಬರಲ್ಲ. ಒಂಬತ್ತು ವರ್ಷ ಇವರು ಎದ್ದು ಕೂರಲಿ ಅಂತ ಕೇಳಿದೆ, ಅದು ತಲುಪಲಿಲ್ಲ. ಅವತ್ತು ಬಾಯಿಂದ ಬಂದ ಆ ಒಂದು ಸ್ತೋತ್ರ ತಲುಪಿಬಿಟ್ಟಿದ್ರೆ? ಅವನು ಅದನ್ನೇ ನನ್ನ ಪ್ರಾರ್ಥನೆ ಅಂತ ಹಿಡ್ಕೊಂಡಿದ್ರೆ?

ನನ್ನ ಬಾಯಿ ಮೇಲೆ ನನಗೆ ನಂಬಿಕೆ ಇಲ್ಲ. ನೀವು ಕೇಳಿ. ಎಲ್ಲರೂ ಸೇರಿ, ಅವನಿಗೆ ಬೇರೇನೂ ಕೇಳಿಸದಷ್ಟು ಜೋರಾಗಿ ಕೇಳಿ.