ಮುಚ್ಚಳ ತೆಗೆದರೆ ನಿಲ್ಲುವ ಗ್ರೈಂಡರ್

ಕೊಯಮತ್ತೂರು, ಶನಿವಾರ

ಅತ್ತೆಗೆ ನಮಸ್ಕಾರ.

ನಾವು ಗೆದ್ದೆವು ಅತ್ತೆ. ಮುಚ್ಚಳ ತೆಗೆದ ಕೂಡಲೇ ಕಲ್ಲು ತಾನಾಗಿ ನಿಲ್ಲಬೇಕೆಂಬ ನಿಯಮವನ್ನು ಇಲ್ಲಿನ ಗ್ರೈಂಡರ್ ತಯಾರಕರ ಗುಣಮಟ್ಟ ಸಮಿತಿ ನಿನ್ನೆ ಒಪ್ಪಿತು. ನಾನು ಕಾರ್ಯದರ್ಶಿಯಾಗಿ ಬಂದಾಗಿನಿಂದ ಪ್ರತಿ ಸಭೆಯಲ್ಲೂ ಎಲ್ಲರೂ ಒಟ್ಟಿಗೇ ಕೂಗಾಡುತ್ತಿದ್ದರು. ಹಿರಿಯ ತಯಾರಕರಾದ ಸುಬ್ಬಯ್ಯನ್ ಅವರು "ವೇಂಡಾಂ", ಬೇಡ, ಎಂದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಈ ಸಲ ಮೊದಲೇ ಎಲ್ಲರನ್ನೂ ಒಪ್ಪಿಸಿಕೊಂಡೆ: ಒಬ್ಬೊಬ್ಬರಾಗಿ ಮಾತಾಡಬೇಕು, ಬೇಡ ಎನ್ನುವವರು ಏನು ಬದಲಾದರೆ ಒಪ್ಪುತ್ತೇವೆಂದೂ ಹೇಳಬೇಕು.

ಮೊದಲ ಸರದಿ ಮಲ್ಲಿಗಾ ಅವರದು. ದೋಸೆಹಿಟ್ಟಿನ ಅಂಗಡಿಯವರು, ಬಳಕೆದಾರರ ಪರವಾಗಿ ಸಮಿತಿಯಲ್ಲಿದ್ದಾರೆ. ಇಲ್ಲಿಯವರೆಗೆ ಅವರಿಗೆ ಮಾತಾಡಲು ಯಾರೂ ಬಿಟ್ಟಿರಲಿಲ್ಲ. ಗ್ರೈಂಡರಿಗೆ ಸೆರಗು ಸಿಕ್ಕಿ ಮುರಿದಿದ್ದ ಮಣಿಕಟ್ಟನ್ನು ಎತ್ತಿ ತೋರಿಸಿದರು.

ಆಮೇಲೆ ನಾನು ಸುಬ್ಬಯ್ಯನ್ ಅವರ ಕಡೆ ತಿರುಗಿ, "ನಿಮಗೆ ಏನು ಬೇಕು ಅಯ್ಯಾ?" ಎಂದು ಕೇಳಿದೆ.

ಅವರು "ಪೊಂಗಲ್ ವರೈಕ್ಕುಂ ಟೈಮ್ ಕುಡುಂಗಮ್ಮಾ, ಪೋದುಂ," ಎಂದರು. ಈಗಾಗಲೇ ತಯಾರಾದ ಸರಕು ಮುಗಿಸಲು ಪೊಂಗಲ್‌ವರೆಗೆ ಸಮಯ, ಅವರಿಗೆ ಬೇಕಿದ್ದುದು ಅಷ್ಟೇ. ಏನು ಬೇಕೆಂದು ಅವರನ್ನೇ ಕೇಳಲು ನಮಗ್ಯಾರಿಗೂ ಹೊಳೆದಿರಲಿಲ್ಲ. ಸಮಯ ಕೊಟ್ಟೆವು. ಒಪ್ಪಿಗೆಗೆ ಎಲ್ಲರೂ ಕೈ ಎತ್ತಿದರು, ಎಲ್ಲರಿಗಿಂತ ಮೊದಲು ಅವರೇ.

ನನ್ನ ಕೆಮ್ಮು ಪೂರ್ತಿ ಹೋಗಿದೆ, ಇಲ್ಲಿನ ಸಿರುವಾಣಿ ನದಿಯ ನೀರು ಒಗ್ಗಿದೆ. ಮಲ್ಲಿಗಾ ಅಕ್ಕ ಎಲ್ಲರನ್ನೂ ದೋಸೆಗೆ ಕರೆದಿದ್ದಾರೆ. ಸುಬ್ಬಯ್ಯನ್ ಅವರ ಕಾರು ಆಗಲೇ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದೆ, ಹೊರಟೆ.

ನಿಮ್ಮ ಪ್ರಕೃತಿ